ಕಾಲು ಜೋಮು ಹಿಡಿದರೆ ಬೆನ್ನು ಯಾಕೆ ನೋಡಬೇಕು? ಬೆನ್ನುಹುರಿಯನ್ನೂ ಅದರ ನರಗಳನ್ನೂ ನಿಮ್ಮ ಮೈಮೇಲೆಯೇ ಹುಡುಕುವ ಬಗೆ

ಕಾಲಿನ ಹೆಬ್ಬೆರಳು ಜೋಮು ಹಿಡಿದಿರುತ್ತದೆ, ಡಾಕ್ಟರು ಸೊಂಟದ ಎಂಆರ್‌ಐ ಬರೆದುಕೊಟ್ಟಿರುತ್ತಾರೆ. ಮನೆಯಲ್ಲಿ ಗೊಣಗಾಟ ಶುರು. "ಬೆರಳಿಗೂ ಬೆನ್ನಿಗೂ ಏನ್ರಿ ಸಂಬಂಧ, ಸುಮ್ನೆ ರೊಕ್ಕ ಖರ್ಚು ಮಾಡಸ್ತಾರ." ಸಿಂಧನೂರು, ಕಾರಟಗಿ, ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ 75 ಕೆಜಿಯ ಭತ್ತದ ಚೀಲ ಹೊರುವ ಹಮಾಲರಿರಲಿ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬೆಳಗಿನಿಂದ ಸಂಜೆಯ ತನಕ ಬಗ್ಗಿ ಕೂತು ಹೊಲಿಯುವವರಿರಲಿ, ಟೊಂಕ ಹಿಡಿದ ಎಲ್ಲರ ಮನೆಯಲ್ಲೂ ಈ ಮಾತು ಬಂದೇ ಬರುತ್ತದೆ.

ಸಂಬಂಧ ಇದೆ. ನೋವು ಕಾಣುವ ಜಾಗ ಒಂದು, ನೋವು ಹುಟ್ಟುವ ಜಾಗ ಇನ್ನೊಂದು. ಎರಡರ ನಡುವಿನ ದಾರಿ ಎಲ್ಲರ ಮೈಯಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಅದಕ್ಕೇ ಅದನ್ನು ಕಲಿಯಬಹುದು. ರೋಗ ಪತ್ತೆ ಮಾಡುವುದು ಡಾಕ್ಟರ ಕೆಲಸ, ಅದನ್ನು ನೀವು ಮಾಡಲು ಹೋಗಬೇಡಿ. ಆದರೆ "ಎಲ್ಲಾ ಕಡೆ ನೋವು ಸರ್" ಎನ್ನುವ ಬದಲು, ಇಲ್ಲಿಂದ ಎದ್ದು ಇಲ್ಲಿಯ ತನಕ ಇಳಿಯುತ್ತದೆ, ಈ ಬೆರಳಲ್ಲಿ ಸ್ಪರ್ಶ ಕಡಿಮೆ ಎಂದು ಬೆರಳಿಟ್ಟು ತೋರಿಸಿದರೆ ಐದು ನಿಮಿಷದ ಓಪಿಡಿಯಲ್ಲಿ ಅದಕ್ಕೆ ಬೆಲೆ ಇದೆ.

ಒಂದು ಬಾಲ್ ಪೆನ್ನು, ಚೂರು ಹತ್ತಿ, ಬೆನ್ನ ಹಿಂದೆ ನಿಂತು ಎಣಿಸಲು ಮನೆಯವರೊಬ್ಬರು ಇದ್ದರೆ ಸಾಕು.

ಮೊದಲು ಬೆನ್ನು ಎಣಿಸಿ

ಅಂಗಿ ತೆಗೆದು ಕೂತು ತಲೆ ಮುಂದಕ್ಕೆ ಬಗ್ಗಿಸಿ. ಕತ್ತಿನ ಬುಡದಲ್ಲಿ ಒಂದು ಎಲುಬು ಉಬ್ಬಿ ಕೈಗೆ ಸಿಗುತ್ತದೆ. ಸಾಮಾನ್ಯವಾಗಿ ಅದು ಕತ್ತಿನ 7ನೇ ಮಣಿ, ರಿಪೋರ್ಟಿನಲ್ಲಿ ಸಿ7 ಎಂದು ಬರೆಯುತ್ತಾರೆ. ಅಲ್ಲೊಂದು ಚುಕ್ಕೆ ಇಡಿಸಿ. ಕೈ ಇಳಿಬಿಟ್ಟು ಕೂತಾಗ ಬೆನ್ನಿನ ಎರಡೂ ಕಡೆ ರೆಕ್ಕೆ ಎಲುಬಿನ ಕೆಳತುದಿ ಸಿಗುತ್ತದಲ್ಲ, ಅದರ ಮಟ್ಟಕ್ಕೆ ಎದೆಭಾಗದ 7ನೇ ಮಣಿ, ಟಿ7. ಇನ್ನು ಕೈಗಳನ್ನು ಟೊಂಕದ ಮೇಲೆ ಇಟ್ಟುಕೊಳ್ಳಿ. ಬೆರಳಿಗೆ ಸಿಗುವ ಗಟ್ಟಿ ಎಲುಬಿನ ಮೇಲಂಚುಗಳನ್ನು ಸೇರಿಸಿ ಬೆನ್ನ ಮೇಲೆ ಒಂದು ಅಡ್ಡಗೆರೆ ಎಳೆಸಿ. ಆ ಗೆರೆ ಸೊಂಟದ 4ನೇ ಮಣಿಯ ಮೇಲೆ, ಅಂದರೆ ಎಲ್4 ಹತ್ತಿರ ಹಾಯುತ್ತದೆ. ಈ ಗೆರೆಯನ್ನು ಅಳಿಸಬೇಡಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಒಟ್ಟು 33 ಮಣಿ. ಕತ್ತಿನಲ್ಲಿ 7, ಎದೆಗೆ 12, ಸೊಂಟಕ್ಕೆ 5. ಅದರ ಕೆಳಗಿನ 5 ಒಂದಕ್ಕೊಂದು ಬೆಸೆದುಕೊಂಡು ಒಂದೇ ಎಲುಬಾಗಿರುತ್ತವೆ, ಇವಕ್ಕೆ ಎಸ್1ರಿಂದ ಎಸ್5 ಎನ್ನುತ್ತಾರೆ. ಕೊನೆಯ ನಾಲ್ಕು ಚಿಕ್ಕವು, ಕೂತಾಗ ಒತ್ತುವ ತುದಿ ಎಲುಬು. ಬೆಸೆಯದ ಮಣಿಗಳ ನಡುವೆ ಡಿಸ್ಕ್ ಇರುತ್ತದೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ಮೆತ್ತನೆಯ ತಿರುಳು. ತಲೆಗೆ ಹತ್ತಿರದ ಮೊದಲ ಎರಡು ಮಣಿಗಳ ನಡುವೆ ಮಾತ್ರ ಡಿಸ್ಕ್ ಇಲ್ಲ.

ಮುಟ್ಟಿ ಎಣಿಸಿದ್ದು ಎಲುಬು. ಬೆನ್ನುಹುರಿ ಅದರ ಒಳಗಿನ ಕೊಳವೆಯಲ್ಲಿದೆ, ಕೈಗೆ ಸಿಗುವುದಿಲ್ಲ. ಇವೆರಡನ್ನೂ ಒಂದೇ ಅಂದುಕೊಂಡವರು ತುಂಬಾ ಜನ.

ಬೆನ್ನುಹುರಿ ಎಲ್ಲಿ ಮುಗಿಯುತ್ತದೆ

ಮೆದುಳಿನ ಬುಡದಿಂದ, ತಲೆಬುರುಡೆಯ ತಳದ ದೊಡ್ಡ ತೂತಿನಿಂದ ಕೆಳಗಿಳಿಯುವ ಬೆನ್ನುಹುರಿಯ ಉದ್ದ ಗಂಡಸರಲ್ಲಿ ಸುಮಾರು 45 ಸೆಂ.ಮೀ., ಹೆಂಗಸರಲ್ಲಿ ಎರಡು ಮೂರು ಸೆಂ.ಮೀ. ಕಡಿಮೆ. ದಪ್ಪ ಕಿರುಬೆರಳಿನಷ್ಟು. ಕೈಗಳಿಗೆ ಮತ್ತು ಕಾಲುಗಳಿಗೆ ನರ ಹೊರಡುವ ಎರಡು ಕಡೆ ಸ್ವಲ್ಪ ದಪ್ಪಗಾಗುತ್ತದೆ. ಸುತ್ತ ಮೂರು ಪೊರೆ, ಒಳಗಿನ ಎರಡು ಪೊರೆಗಳ ನಡುವೆ ತಿಳಿನೀರಿನಂಥ ದ್ರವ.

ಈಗ ನಿಮ್ಮ ಅಡ್ಡಗೆರೆ ನೋಡಿ. ಬೆನ್ನುಹುರಿ ಆ ಗೆರೆಯ ತನಕ ಬರುವುದೇ ಇಲ್ಲ. ದೊಡ್ಡವರಲ್ಲಿ ಅದು ಸೊಂಟದ 1 ಮತ್ತು 2ನೇ ಮಣಿಯ ಹತ್ತಿರವೇ ಮುಗಿಯುತ್ತದೆ. ಹುಟ್ಟಿದ ಮಗುವಿನಲ್ಲಿ 3ನೇ ಮಣಿಯ ತನಕ ಇರುತ್ತದೆ. ಆಮೇಲೆ ಎಲುಬು ಬೆಳೆದಷ್ಟು ಬೇಗ ಹುರಿ ಬೆಳೆಯುವುದಿಲ್ಲ, ಹಾಗಾಗಿ ಹುರಿಯ ತುದಿ ಮೇಲೆಯೇ ಉಳಿದುಬಿಡುತ್ತದೆ. ಆದರೆ ಕೆಳಗಿನ ನರಗಳು ಮಣಿಗಳ ನಡುವಿನ ತಮ್ಮ ತಮ್ಮ ಕಿಂಡಿಗಳಿಂದಲೇ ಹೊರಗೆ ಹೋಗಬೇಕಲ್ವಾ? ಅದಕ್ಕೆ ಅವು ಕೊಳವೆಯೊಳಗೆ ಉದ್ದಕ್ಕೆ ಇಳಿಯುತ್ತವೆ, ಒಂದು ಗೊಂಚಲಾಗಿ, ಕುದುರೆಯ ಬಾಲದ ಹಾಗೆ. ಡಾಕ್ಟರುಗಳು ಅದನ್ನು ಕಾಡಾ ಇಕ್ವೈನಾ ಎನ್ನುತ್ತಾರೆ.

ಇದರಿಂದ ದೊಡ್ಡ ಉಪಯೋಗವಿದೆ. ಸಿಸೇರಿಯನ್‌ಗೆ, ಹರ್ನಿಯಾಕ್ಕೆ, ಕಾಲಿನ ಆಪರೇಷನ್ನಿಗೆ ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್ ಈ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ, ಬೆನ್ನುಹುರಿ ಮುಗಿದ ಮೇಲಿನ ಜಾಗದಲ್ಲಿ, ಬರೀ ದ್ರವ ಮತ್ತು ತೇಲಾಡುವ ನರಗಳಿರುವಲ್ಲಿ. ಜರ್ಮನಿಯ ಸರ್ಜನ್ ಆಗಸ್ಟ್ ಬಿಯರ್ 1898ರಲ್ಲಿ ಈ ವಿಧಾನದಿಂದ ಆಪರೇಷನ್ ಮಾಡಿದ. "ಹೆರಿಗೆಯಾಗ ಬೆನ್ನಿಗೆ ಸೂಜಿ ಹಾಕ್ಯಾರ, ಅದಕ್ಕ ಇವತ್ತಿಗೂ ಟೊಂಕ ನೋಯ್ತದ" ಎಂದು ನಮ್ಮ ಕಡೆ ಮನೆಮನೆಯಲ್ಲೂ ಹೇಳುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ದ್ರವ ಸೋರಿ ಕೆಲವರಿಗೆ ಎದ್ದು ಕೂತಾಗ ಜೋರು ತಲೆನೋವು ಬರುವುದೂ ನಿಜ. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೆ ಆ ಸೂಜಿ ಕಾರಣ ಎನ್ನುವುದಕ್ಕೆ ಮಾತ್ರ ಆಧಾರ ಸಿಕ್ಕಿಲ್ಲ. ಬಸುರಿನಲ್ಲಿ ಸಡಿಲಾದ ಕಟ್ಟುಗಳು, ಬಲ ಕಳೆದುಕೊಂಡ ಹೊಟ್ಟೆಯ ಸ್ನಾಯು, ಮಗುವನ್ನು ಬಗ್ಗಿ ಎತ್ತುವುದು, ಬೆನ್ನು ಗೂನು ಮಾಡಿ ಕೂತು ಹಾಲೂಡಿಸುವುದು, ಇವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನರಗಳ ಲೆಕ್ಕ

ಬೆನ್ನುಹುರಿಯಿಂದ ಎಡಕ್ಕೊಂದು ಬಲಕ್ಕೊಂದು, ಹೀಗೆ 31 ಜೊತೆ ನರ ಹೊರಡುತ್ತವೆ. ಕತ್ತಿಗೆ 8, ಎದೆಗೆ 12, ಸೊಂಟಕ್ಕೆ 5, ಅದರ ಕೆಳಗೆ 5, ತುದಿಗೆ 1. ನರಗಳ ಹೆಸರೂ ಮಣಿಗಳ ಹಾಗೇ: ಸಿ, ಟಿ, ಎಲ್, ಎಸ್. ಕತ್ತಿನಲ್ಲಿ ಮಣಿ 7, ನರ 8 ಹೇಗೆ? ಮೊದಲ ನರ ಮೊದಲ ಮಣಿಯ ಮೇಲಿನಿಂದಲೇ ಹೊರಬೀಳುತ್ತದೆ. ಹೀಗೆ ಕತ್ತಿನ 7 ನರಗಳೂ ತಮ್ಮ ಮಣಿಯ ಮೇಲ್ಗಡೆಯಿಂದ ಹೋಗುತ್ತವೆ, 8ನೆಯದು 7ನೇ ಮಣಿಯ ಕೆಳಗಿನಿಂದ. ಅಲ್ಲಿಂದ ಕೆಳಕ್ಕೆ ಎಲ್ಲವೂ ತಮ್ಮದೇ ಸಂಖ್ಯೆಯ ಮಣಿಯ ಕೆಳಗಿನಿಂದ. ರಿಪೋರ್ಟ್ ಓದುವಾಗ ಇದು ಬೇಕು, ನೆನಪಿಡಿ.

ಪ್ರತಿ ನರಕ್ಕೂ ಎರಡು ಬೇರು. ಹಿಂದಿನ ಬೇರು ಸುದ್ದಿ ಒಳಗೆ ತರುತ್ತದೆ: ಸ್ಪರ್ಶ, ಬಿಸಿ, ಚಳಿ, ನೋವು. ಮುಂದಿನ ಬೇರು ಆಜ್ಞೆ ಹೊರಗೆ ಒಯ್ಯುತ್ತದೆ: ಈ ಸ್ನಾಯು ಬಿಗಿ ಮಾಡು, ಆ ಕಾಲು ಎತ್ತು. ಫ್ರಾನ್ಸಿನ ವೈದ್ಯವಿಜ್ಞಾನಿ ಮಜಾಂಡಿ 1822ರಲ್ಲಿ ನಾಯಿಮರಿಗಳ ಬೇರುಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ ಇದನ್ನು ತೋರಿಸಿದ. ಕ್ರೂರ ಕೆಲಸವೇ, ಆದರೆ ಇವತ್ತಿಗೂ ಪಾಠ ಅಲ್ಲಿಂದಲೇ ಶುರುವಾಗುತ್ತದೆ. ಎರಡೂ ಬೇರು ಕೂಡಿ ಒಂದೇ ನರವಾಗಿ ಕಿಂಡಿಯಿಂದ ಆಚೆ ಬರುತ್ತದೆ. ಹಾಗಾಗಿ ಕಿಂಡಿಯ ಹತ್ತಿರ ಒತ್ತಡ ಬಿದ್ದರೆ ಜೋಮು ಮತ್ತು ಬಲಹೀನತೆ ಎರಡೂ ಒಟ್ಟಿಗೆ ಬರಬಹುದು.

ಹುರಿಯೊಳಗೂ ದಾರಿಗಳು ಬೇರೆ ಬೇರೆ. ನೋವು, ಬಿಸಿ, ಚಳಿಯ ಸುದ್ದಿ ಹುರಿಗೆ ಬಂದ ಕೂಡಲೇ ಎದುರು ಪಕ್ಕಕ್ಕೆ ದಾಟಿ ಮೇಲೆ ಹೋಗುತ್ತದೆ. ಸೂಕ್ಷ್ಮ ಸ್ಪರ್ಶ, ಕಾಲು ಎಲ್ಲಿದೆ ಎನ್ನುವ ಅರಿವು ಬಂದ ಪಕ್ಕದಲ್ಲೇ ಏರಿ ಮೆದುಳಿನ ಬುಡದಲ್ಲಿ ದಾಟುತ್ತದೆ. ಡಾಕ್ಟರು ಒಮ್ಮೆ ಹತ್ತಿ ಮುಟ್ಟಿಸಿ ಒಮ್ಮೆ ಪಿನ್ ಚುಚ್ಚಿ ನೋಡುವುದು ಇದಕ್ಕೇ. ಸುಮ್ನೆ ಎರಡೆರಡು ಸಲ ಕೇಳುತ್ತಾರೆ ಅಂದುಕೊಳ್ಳಬೇಡಿ.

ಎಲ್ಲವೂ ಮೆದುಳಿನ ತನಕ ಹೋಗಿಯೇ ಕೆಲಸವಾಗಬೇಕು ಎಂದೂ ಇಲ್ಲ. ರೊಟ್ಟಿ ಬೇಯಿಸುವಾಗ ಹೆಂಚಿಗೆ ಬೆರಳು ತಾಗಿದರೆ ಕೈ ಮೊದಲು ಹಿಂದಕ್ಕೆ ಬರುತ್ತದೆ, "ಅಯ್ಯೋ" ಆಮೇಲೆ. ಕೈ ಎಳೆದುಕೋ ಎನ್ನುವ ಆಜ್ಞೆ ಬೆನ್ನುಹುರಿಯಿಂದಲೇ ಹೊರಟಿರುತ್ತದೆ, ಮೆದುಳಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಇದನ್ನು ಪರೀಕ್ಷಿಸಲು ಕೈ ಸುಟ್ಟುಕೊಳ್ಳುವುದೇನೂ ಬೇಡ. ಎತ್ತರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಮಂಡಿ ಚಿಪ್ಪಿನ ಸ್ವಲ್ಪ ಕೆಳಗೆ ಅಂಗೈಯ ಅಂಚಿನಿಂದ ಹಗುರವಾಗಿ ಹೊಡೆಸಿಕೊಳ್ಳಿ. ಕಾಲು ತಾನಾಗಿ ಮುಂದಕ್ಕೆ ಒದೆಯುತ್ತದೆ. ಇದು ಮುಖ್ಯವಾಗಿ ಸೊಂಟದ 3 ಮತ್ತು 4ನೇ ನರದ ಕೆಲಸ. ಹಿಮ್ಮಡಿಯ ಹಿಂದಿನ ದಪ್ಪ ನಾರಿಗೆ ಹೊಡೆದರೆ ಪಾದ ಕೆಳಕ್ಕೆ ಒತ್ತುತ್ತದೆ, ಅದು ಎಸ್1. ಎರಡೂ ಕಾಲಿನಲ್ಲಿ ಕಡಿಮೆ ಇದ್ದರೆ ಅಷ್ಟೇನೂ ಅರ್ಥವಿಲ್ಲ. ಒಂದರಲ್ಲಿ ಚೆನ್ನಾಗಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಬರೆದಿಟ್ಟುಕೊಳ್ಳಿ.

ಪೆನ್ನಿನಲ್ಲಿ ಚರ್ಮದ ನಕ್ಷೆ

ಇದು ಎಲ್ಲಕ್ಕಿಂತ ಉಪಯೋಗದ ಹೆಜ್ಜೆ, ಆತುರ ಮಾಡಬೇಡಿ. ಪ್ರತಿ ನರಕ್ಕೂ ಚರ್ಮದ ಮೇಲೆ ತನ್ನದೊಂದು ಪಟ್ಟಿ ಇದೆ. ಪಕ್ಕದ ಪಟ್ಟಿಗಳು ಸ್ವಲ್ಪ ಒಂದರೊಳಗೊಂದು ಸೇರಿಕೊಂಡಿರುತ್ತವೆ, ಹಾಗಾಗಿ ಗಡಿ ಕರಾರುವಾಕ್ಕಾಗಿ ಸಿಗುವುದಿಲ್ಲ. ಆದರೆ ಕೆಲವು ಜಾಗ ನಂಬಬಹುದು.

ಕೈಯಲ್ಲಿ ಹೆಬ್ಬೆರಳು ಸಿ6, ನಡುಬೆರಳು ಸಿ7, ಕಿರುಬೆರಳು ಸಿ8. ಮೊಲೆತೊಟ್ಟಿನ ಮಟ್ಟ ಟಿ4. ಹೊಕ್ಕುಳ ಟಿ10. ತೊಡೆಸಂದು ಎಲ್1. ಮೊಣಕಾಲಿನ ಮುಂಭಾಗಕ್ಕೆ ಎಲ್3, ಮೊಣಕಾಲಿನಿಂದ ಒಳಗಡೆಯ ಕಣಕಾಲಿನತ್ತ ಇಳಿಯುವ ಪಟ್ಟಿ ಎಲ್4. ಪಾದದ ಮೇಲ್ಭಾಗ ಮತ್ತು ಹೆಬ್ಬೆರಳು ಎಲ್5. ಪಾದದ ಹೊರಅಂಚು, ಕಿರುಬೆರಳು ಎಸ್1. ಗುದದ ಸುತ್ತಲಿನ, ಸೈಕಲ್ ಸೀಟಿಗೆ ತಾಗುವ ಜಾಗ ಎಸ್3ರಿಂದ ಕೆಳಗಿನವು.

ಕಣ್ಣು ಮುಚ್ಚಿ ಕೂತು ಮನೆಯವರಿಂದ ಹತ್ತಿಯನ್ನು ಹಗುರಾಗಿ ಮುಟ್ಟಿಸಿಕೊಳ್ಳಿ. ಎಡ, ಬಲ, ಎಡ, ಬಲ. ಎಲ್ಲಿ ಒಂದು ಕಡೆ ಮಂದ ಅನ್ನಿಸುತ್ತದೋ ಅಲ್ಲಿ ಪೆನ್ನಿನಿಂದ ಗೆರೆ. ಮುಗಿದ ಮೇಲೆ ಮೊಬೈಲಿನಲ್ಲಿ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ.

ಈ ಪಟ್ಟಿಗಳನ್ನು ಕಣ್ಣಾರೆ ನೋಡಬೇಕೆಂದರೆ ಸರ್ಪಸುತ್ತು ಆದವರನ್ನು ನೋಡಬೇಕು. ಚಿಕ್ಕಂದಿನಲ್ಲಿ 'ಅಮ್ಮ' ಆಗಿ ಹೋದ ಚಿಕನ್‌ಪಾಕ್ಸ್ ವೈರಸ್ಸು ನರದ ಹಿಂದಿನ ಬೇರಿನಲ್ಲಿರುವ ಸಣ್ಣ ಗಂಟಿನಲ್ಲಿ ಅಡಗಿ ಕೂತಿರುತ್ತದೆ. ಮೈಯ ಶಕ್ತಿ ಕುಂದಿದಾಗ ಎದ್ದು ಅದೇ ನರದ ಹಾದಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಗುಳ್ಳೆಗಳು ಬೆನ್ನಿನಿಂದ ಹೊರಟು ಪಕ್ಕೆಯ ಸುತ್ತ ಬಂದು ಎದೆಯ ನಡುಗೆರೆಗೆ ಸರಿಯಾಗಿ ನಿಂತುಬಿಡುತ್ತವೆ. ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂದು ಹೆದರಿಸುತ್ತಾರಲ್ಲ, ಎಡಗಡೆಯ ನರ ಎಡಕ್ಕೇ ಮುಗಿಯುತ್ತದೆ, ಕೂಡುವ ಮಾತು ಎಲ್ಲಿಂದ ಬಂತು? ಕೆಮ್ಮಣ್ಣು ಬಳಿದುಕೊಂಡು ಕಾಯುವುದರಲ್ಲಿ ಹಾಳಾಗುವುದು ಸಮಯ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಗುಳ್ಳೆ ಬೇಗ ಆರುತ್ತದೆ, ನೋವೂ ಕಡಿಮೆ. ಕಣ್ಣಿನ ಹತ್ತಿರ ಎದ್ದರೆ ಅಂದೇ ತೋರಿಸಿ.

ಬಲ ಎಷ್ಟಿದೆ

ಜೋಮಿಗಿಂತ ಇದಕ್ಕೆ ತೂಕ ಜಾಸ್ತಿ. ಗೋಡೆಯ ಪಕ್ಕದಲ್ಲಿ, ಬಿದ್ದರೆ ಹಿಡಿಯಲು ಒಬ್ಬರನ್ನು ಇಟ್ಟುಕೊಂಡು ಮಾಡಿ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಮುಂಗಾಲು ಎತ್ತಲು ಆಗದಿದ್ದರೆ ಎಲ್4, ಎಲ್5 ಕಡೆ ಅನುಮಾನ. ಹೆಬ್ಬೆರಳೊಂದನ್ನೇ ಮೇಲಕ್ಕೆ ಎತ್ತಿ, ಮನೆಯವರು ಒತ್ತಿ ನೋಡಲಿ: ಇದು ಎಲ್5ದೇ ಕೆಲಸ. ಇನ್ನು ಒಂಟಿ ಕಾಲಲ್ಲಿ ನಿಂತು ತುದಿಗಾಲಿನ ಮೇಲೆ ಏಳಿ, ಇಳಿಯಿರಿ, ಹತ್ತು ಸಲ. ಒಂದು ಕಾಲು ಮೊದಲೇ ಸೋತರೆ ಎಸ್1. ಕುಕ್ಕರಗಾಲಿನಿಂದ ಕೈ ಊರದೆ ಏಳಲು ಎಲ್3, ಎಲ್4 ಬೇಕು.

ಕೈಗೆ: ಮಣಿಕಟ್ಟು ಮೇಲಕ್ಕೆ ಎತ್ತುವುದು ಸಿ6, ಮಡಿಸಿದ ಮೊಣಕೈ ನೇರ ಮಾಡುವುದು ಸಿ7, ಮುಷ್ಟಿ ಬಿಗಿಯುವುದು ಸಿ8, ಬೆರಳು ಅಗಲಿಸುವುದು ಟಿ1.

ಮಲಗಿ ಮಾಡುವ ಪರೀಕ್ಷೆಯೂ ಒಂದಿದೆ. ಅಂಗಾತ ಮಲಗಿ, ಮೊಣಕಾಲು ಮಡಿಸದೆ ಮನೆಯವರು ನಿಧಾನಕ್ಕೆ ಒಂದು ಕಾಲು ಎತ್ತಲಿ. 30ರಿಂದ 70 ಡಿಗ್ರಿಯೊಳಗೆ ಮೊಣಕಾಲು ದಾಟಿ ಪಾದದತ್ತ ಚುಳುಕ್ ಎಂದು ನೋವು ಹರಿದರೆ ಎಲ್5 ಅಥವಾ ಎಸ್1 ಬೇರು ಎಳೆಯುತ್ತಿದೆ ಎನ್ನಬಹುದು. ತೊಡೆಯ ಹಿಂಭಾಗ ಬಿಗಿಯಾದಂತೆ ಅನ್ನಿಸಿದರೆ ಅದು ಬರೀ ಸ್ನಾಯು, ಲೆಕ್ಕಕ್ಕಿಲ್ಲ.

ಈಗ ಎಂಆರ್‌ಐ ರಿಪೋರ್ಟ್ ತೆಗೆಯಿರಿ

"ಎಲ್4-ಎಲ್5 ಡಿಸ್ಕ್ ಬಲ್ಜ್" ಎಂದು ಬರೆದಿರುತ್ತದೆ, ಅಂದರೆ ಸೊಂಟದ 4 ಮತ್ತು 5ನೇ ಮಣಿಯ ನಡುವಿನ ಡಿಸ್ಕ್ ಉಬ್ಬಿದೆ ಎಂದು. ಹೆಚ್ಚಾಗಿ ಒತ್ತಿಸಿಕೊಳ್ಳುವುದು ಯಾವ ನರ? 4ನೆಯದಲ್ಲ, 5ನೆಯದು. ಯಾಕೆಂದರೆ 4ನೇ ನರ ಆ ಕಿಂಡಿಯ ಮೇಲ್ಭಾಗದಿಂದ, ಡಿಸ್ಕಿಗಿಂತ ಮೇಲೆಯೇ ಹೊರಟುಹೋಗಿರುತ್ತದೆ. ಕೆಳಗಿನ ಕಿಂಡಿಗೆಂದು ಇಳಿಯುತ್ತಿರುವ 5ನೆಯದು ಡಿಸ್ಕಿನ ಬೆನ್ನ ಮೇಲೆಯೇ ಹಾಯಬೇಕು, ಹಾಗಾಗಿ ಪೆಟ್ಟು ಅದಕ್ಕೆ. ಅದೇ ರೀತಿ ಎಲ್5-ಎಸ್1 ಡಿಸ್ಕ್ ಎಸ್1 ನರವನ್ನು ಒತ್ತುತ್ತದೆ. ಡಿಸ್ಕ್ ತೀರಾ ಪಕ್ಕಕ್ಕೆ ಉಬ್ಬಿದ್ದರೆ ಮೇಲಿನ ನರ ಸಿಗುವುದೂ ಉಂಟು. ಕತ್ತಿನಲ್ಲಿ ಸಿ5-ಸಿ6 ಡಿಸ್ಕ್ ಸಿ6 ನರವನ್ನು. ಕಾಲಿಗೆ ಇಳಿಯುವ ಡಿಸ್ಕ್ ನೋವಿನಲ್ಲಿ ಹೆಚ್ಚಿನ ಪಾಲು ಸೊಂಟದ ಕೊನೆಯ ಈ ಎರಡು ಡಿಸ್ಕುಗಳದ್ದೇ.

ನಿಮ್ಮ ಪೆನ್ನಿನ ನಕ್ಷೆ ಈಗ ಪಕ್ಕದಲ್ಲಿಡಿ. ರಿಪೋರ್ಟಿನಲ್ಲಿ ಎಡಗಡೆ ಎಲ್5, ಮೈಮೇಲೆ ಎಡ ಹೆಬ್ಬೆರಳಿನ ಜೋಮು: ಎರಡೂ ಹೊಂದಿದವು. ರಿಪೋರ್ಟಿನಲ್ಲಿ ಬಲಕ್ಕೆ, ನೋವು ಎಡಕ್ಕೆ ಇದ್ದರೆ ಆ ಉಬ್ಬು ಈ ನೋವಿಗೆ ಕಾರಣ ಅಲ್ಲದಿರಬಹುದು, ಬಾಯಿಬಿಟ್ಟು ಕೇಳಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಯಾವ ಬೆನ್ನುನೋವೂ ಇಲ್ಲದವರಲ್ಲೇ 20ರ ಹರೆಯದಲ್ಲಿ ಶೇ 30, 80ರ ವಯಸ್ಸಿನಲ್ಲಿ ಶೇ 84 ಮಂದಿಗೆ ಡಿಸ್ಕ್ ಉಬ್ಬಿರುತ್ತದೆ. ಅಂದರೆ ಬಲ್ಜ್ ಎನ್ನುವ ಒಂದು ಪದ ಕಂಡೊಡನೆ ಹೆದರಿ ಹೊಲ ಮಾರಿ ಆಪರೇಷನ್ನಿಗೆ ಓಡುವ ಅಗತ್ಯವಿಲ್ಲ. ಬಲ ಕುಂದದೆ ಬರೀ ನೋವು ಜೋಮು ಇರುವ ಬಹುತೇಕರು 6ರಿಂದ 12 ವಾರದಲ್ಲಿ ಚಾಕು ತಾಗಿಸದೆ ಸುಧಾರಿಸುತ್ತಾರೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಡಿ, ಒಂದೆರಡು ದಿನ ಸಾಕು. ಮತ್ತೆ, ಕಾಲು ಮುಂದಾಗಿ ಹುಟ್ಟಿದವರಿಂದ ಟೊಂಕಕ್ಕೆ ಒದೆಸಿಕೊಳ್ಳುವ ಪದ್ಧತಿ ಇದೆಯಲ್ಲ, ಸ್ನಾಯು ಹಿಡಿದವರಿಗೆ ಅದರಿಂದ ಏನಾಗುತ್ತದೋ ಬಿಡಿ, ಡಿಸ್ಕ್ ಜಾರಿದವರ ಮೇಲೆ ಮಾತ್ರ ಆ ಪ್ರಯೋಗ ಬೇಡವೇ ಬೇಡ.

ವಯಸ್ಸಾದವರಲ್ಲಿ ಕಥೆ ಸ್ವಲ್ಪ ಬೇರೆ. ಕೊಳವೆಯೇ ಕಿರಿದಾಗಿರುತ್ತದೆ. ನಡೆದರೆ ಎರಡೂ ಕಾಲು ಭಾರ, ಕೂತರೆ ಹಗುರ. ಮುಂದಕ್ಕೆ ಬಾಗಿದರೆ ಕೊಳವೆ ಸ್ವಲ್ಪ ಅಗಲವಾಗುತ್ತದೆ, ನೆಟ್ಟಗಾದರೆ ಕಿರಿದಾಗುತ್ತದೆ. ಹಾಗಾಗಿ ಇಂಥವರು ಅಂಜನಾದ್ರಿ ಬೆಟ್ಟದ ಮೆಟ್ಟಿಲನ್ನು ಬಾಗಿ ಹತ್ತುವಾಗ ಹೇಗೋ ಹತ್ತಿಬಿಡುತ್ತಾರೆ, ಬೆನ್ನು ನೆಟ್ಟಗೆ ಮಾಡಿ ಇಳಿಯುವಾಗ ಕಾಲು ಕೈಕೊಡುತ್ತದೆ. ಸೈಕಲ್ ಹೊಡೆಯಲು ಬರುತ್ತದೆ, ನಡೆಯಲು ಬರುವುದಿಲ್ಲ. ಡಾಕ್ಟರಿಗೆ ಇದನ್ನು ಹೇಳಿ, ಪಕ್ಕಾ ಸುಳಿವು ಅದು.

ಬೆನ್ನಿನದಲ್ಲದ ಜೋಮು

ಎರಡೂ ಪಾದ ಒಂದೇ ಸಮನಾಗಿ, ಸಾಕ್ಸ್ ಹಾಕುವಷ್ಟು ಜಾಗ ಉರಿದರೆ ಮೊದಲು ಶುಗರ್ ಪರೀಕ್ಷೆ ಮಾಡಿಸಿ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ಮುಗ್ಗರಿಸಿದಂತಾದರೆ ವಿಟಮಿನ್ ಬಿ12 ಕೊರತೆಯನ್ನೂ ನೋಡಬೇಕು, ಕಾಲು ಎಲ್ಲಿದೆ ಎನ್ನುವ ಸುದ್ದಿ ಒಯ್ಯುವ ಹುರಿಯ ಹಿಂಭಾಗವನ್ನೇ ಅದು ಕೆಡಿಸುತ್ತದೆ. ಬೇಗ ಹಿಡಿದರೆ ಇಂಜೆಕ್ಷನ್ನಿನಿಂದ ಸರಿಹೋಗುವ ಕಾಯಿಲೆ.

ಇನ್ನೊಂದು ನಮ್ಮ ಹೊಲಗಳದ್ದು. ಇಡೀ ದಿನ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆದವರಿಗೆ ಸಂಜೆ ಎದ್ದಾಗ ಪಾದ ಎತ್ತಲು ಬರುವುದಿಲ್ಲ, ಚಪ್ಪಲಿ ಎಳೆಯುತ್ತದೆ. ಬೆನ್ನು ನೋವು ಇರುವುದಿಲ್ಲ. ಮೊಣಕಾಲಿನ ಹೊರಪಕ್ಕದಲ್ಲಿ ಒಂದು ಗುಂಡನೆಯ ಎಲುಬು ಸಿಗುತ್ತದಲ್ಲ, ಅದರ ಕತ್ತನ್ನು ಸುತ್ತಿ ಹೋಗುವ ನರ ಅಲ್ಲಿ ಒತ್ತಿಹೋಗಿರುತ್ತದೆ. ಎಲ್5 ತೊಂದರೆಯ ಹಾಗೇ ಕಾಣುತ್ತದೆ. ವ್ಯತ್ಯಾಸ ಹೀಗೆ ನೋಡಿ: ಪಾದವನ್ನು ಒಳಕ್ಕೆ ತಿರುಗಿಸಲು ಬಲ ಇದ್ದರೆ ಮೊಣಕಾಲಿನ ನರ, ಅದಕ್ಕೂ ಬಲ ಇಲ್ಲದಿದ್ದರೆ ಬೆನ್ನಿನ ಕಡೆ ಅನುಮಾನ. ಅರ್ಧ ಗಂಟೆಗೊಮ್ಮೆ ಎದ್ದು ಕಾಲು ಝಾಡಿಸಿ, ಇಲ್ಲವೇ ಸಣ್ಣ ಮಣೆ ಇಟ್ಟುಕೊಂಡು ಕೂರಿ.

ಕುಂಡಿಗೆ ಕೊಡುವ ಇಂಜೆಕ್ಷನ್ನಿನ ಬಗ್ಗೆಯೂ ಒಂದು ಮಾತು. ಎಲ್4ರಿಂದ ಎಸ್3ರ ತನಕದ ನರಗಳು ಕೂಡಿ ಮೈಯ ಅತಿ ದಪ್ಪ ನರವಾಗಿ ಅಲ್ಲೇ ಹಾಯುತ್ತವೆ. ಸೂಜಿ ಬೀಳಬೇಕಾದ್ದು ಮೇಲಿನ ಹೊರಮೂಲೆಗೆ. ಸಣ್ಣ ಮಕ್ಕಳಿಗೆ ಅಲ್ಲಿ ಬೇಡ, ತೊಡೆಗೆ ಕೊಡಿ ಎಂದು ಕೇಳಿ.

ಹುರಿಯೇ ಒತ್ತಿದರೆ: ಫ್ಲೋರೈಡ್ ನೀರಿನ ವಿಚಾರ

ಇಲ್ಲಿಯ ತನಕ ಹೇಳಿದ್ದು ಹುರಿಯಿಂದ ಹೊರಟ ನರದ ತೊಂದರೆ. ಹುರಿಯೇ ಒತ್ತಿಹೋದರೆ ಲಕ್ಷಣ ಬೇರೆ. ಕಾಲು ಸೊರಗಿ ಜೋಲುವ ಬದಲು ಬಿಗಿಯಾಗುತ್ತದೆ. ಮಂಡಿಯ ಒದೆತ ಜೋರಾಗುತ್ತದೆ. ಅಂಗಿಯ ಗುಂಡಿ ಹಾಕಲು ತಡಕಾಟ, ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ, ಮೂತ್ರಕ್ಕೆ ಅವಸರ. ನೋವು ಇಲ್ಲದೆಯೂ ಇರಬಹುದು. ಜನ ಕೆಡುವುದು ಇಲ್ಲೇ, ನೋವಿಲ್ಲ ಎಂದು ಸುಮ್ಮನಿದ್ದುಬಿಡುತ್ತಾರೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಇಲ್ಲಿನ ಕಲ್ಲಿನಲ್ಲೇ ಅದು ಇದೆ, ನೀರು ಆಳದಲ್ಲಿ ಕಲ್ಲಿನ ಜೊತೆ ಕಾಲ ಕಳೆದಷ್ಟೂ ಅದರಲ್ಲಿ ಕರಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ, ಇದು ಭಾರತೀಯ ಮಾನಕ. ಅದಕ್ಕಿಂತ ಬಹಳ ಹೆಚ್ಚಿದ್ದ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬು ದಪ್ಪವಾಗುತ್ತದೆ, ಮಣಿಗಳನ್ನು ಕಟ್ಟಿಹಿಡಿದ ನಾರುಗಳೂ ಎಲುಬಿನಂತೆ ಗಟ್ಟಿಯಾಗುತ್ತವೆ. ಆ ನಾರುಗಳಲ್ಲಿ ಎರಡು ಕೊಳವೆಯ ಒಳಗೋಡೆಗೇ ಅಂಟಿಕೊಂಡಿವೆ, ಒಂದು ಹುರಿಯ ಮುಂದೆ, ಇನ್ನೊಂದು ಹಿಂದೆ. ಅವು ದಪ್ಪಗಾದರೆ ಹುರಿಗೆ ಜಾಗವೆಲ್ಲಿ? ಕತ್ತು ತಿರುಗಿಸಬೇಕೆಂದರೆ ಇಡೀ ಮೈ ತಿರುಗಿಸುವ, ಬಗ್ಗಿ ನೆಲ ಮುಟ್ಟಲಾಗದ ಹಿರಿಯರನ್ನು ನೋಡಿ "ವಯಸ್ಸಾತು ಬಿಡು" ಎಂದು ಸುಮ್ಮನಾಗುತ್ತೇವೆ. ಕೈಕಾಲು ಬಿಗಿಯಲು ಶುರುವಾಗಿದ್ದರೆ ಅದು ವಯಸ್ಸಲ್ಲ, ಒತ್ತಡ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುತ್ತದೆ, ಇನ್ನೂ ಗಟ್ಟಿ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ. ಆರ್‌ಒ ತೆಗೆಯುತ್ತದೆ, ಹಾಗಾಗಿ ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಅದನ್ನು ಪಂಚಾಯ್ತಿಯಲ್ಲಿ ಗಲಾಟೆ ಮಾಡಿಯಾದರೂ ಸರಿ ಮಾಡಿಸಿ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಆ ನೀರೇ ಬೇಕು. ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ, ಸುಣ್ಣದಂಥ ಚುಕ್ಕೆ ಕಂಡರೆ ಮೊದಲು ನೀರು ಪರೀಕ್ಷೆ ಮಾಡಿಸಿ. ಗಟ್ಟಿಯಾದ ನಾರು ಮತ್ತೆ ಮೊದಲಿನಂತೆ ಆಗುವುದಿಲ್ಲ, ತೀರಾ ಒತ್ತಿದ್ದರೆ ಆಪರೇಷನ್ ಮಾಡಿ ಜಾಗ ಮಾಡಬೇಕಾಗುತ್ತದೆ.

ಕಾಯಬಾರದ ಹೊತ್ತು

ಮೂತ್ರ, ಮಲ, ಲೈಂಗಿಕ ಕ್ರಿಯೆಯ ಹಿಡಿತವಿರುವುದು ಎಸ್2, 3, 4 ನರಗಳ ಕೈಯಲ್ಲಿ. ದೊಡ್ಡ ಡಿಸ್ಕ್ ತುಣುಕು ಕೊಳವೆಯ ನಡುವೆ ಬಿದ್ದರೆ ಆ ಕುದುರೆ ಬಾಲದ ಗೊಂಚಲೇ ಒತ್ತಿಹೋಗುತ್ತದೆ. ಆಗ ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟುತ್ತದೆ, ತೊಳೆದುಕೊಳ್ಳುವಾಗ ಮುಟ್ಟಿದ್ದು ಗೊತ್ತಾಗುವುದಿಲ್ಲ. ಮೂತ್ರ ಕಟ್ಟುತ್ತದೆ, ಅಥವಾ ತಿಳಿಯದೆ ಸೋರುತ್ತದೆ. ಎರಡೂ ಕಾಲು ಸೋಲುತ್ತವೆ. ನಾಚಿಕೆಯಿಂದ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ, ಹೆಂಗಸರಂತೂ ಮನೆಯವರಿಗೂ ಹೇಳುವುದಿಲ್ಲ. ಹೇಳಿ. ಬೆಳಗಾಗಲಿ ಎನ್ನಬೇಡಿ, ಅಂದೇ ರಾತ್ರಿ ಹೊರಡಿ. ಇಂಥದ್ದಕ್ಕೆ ಒಂದೆರಡು ದಿನದೊಳಗೆ ಆಪರೇಷನ್ ಆದರೆ ಹಿಡಿತ ಉಳಿಯುವ ಸಾಧ್ಯತೆ ಜಾಸ್ತಿ. ಮೂರೂ ಜಿಲ್ಲೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ: ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್. ಅಲ್ಲಿಂದ ಮುಂದಕ್ಕೆ ಕಳಿಸಬೇಕಾದರೂ ಅವರೇ ಕಳಿಸುತ್ತಾರೆ.

ದಿನದಿನಕ್ಕೆ ಸೋಲುತ್ತಿರುವ ಕಾಲು, ಜ್ವರ ಮತ್ತು ತೂಕ ಇಳಿತದ ಜೊತೆ ರಾತ್ರಿ ಎಚ್ಚರಿಸುವ ಬೆನ್ನುನೋವು, ಇವನ್ನೂ ತಳ್ಳಿಹಾಕಬೇಡಿ. ಬೆನ್ನುಮೂಳೆಗೆ ಟಿಬಿ ಬರುತ್ತದೆ, ಮಾತ್ರೆಯಲ್ಲಿ ವಾಸಿಯೂ ಆಗುತ್ತದೆ.

ಯಾರಾದರೂ ಎತ್ತರದಿಂದ ಬಿದ್ದಾಗ

ಹುಣಸೆಮರ, ಹುಲ್ಲಿನ ಬಣವೆ, ಲೋಡ್ ಲಾರಿ, ಮಗುಚಿದ ಟ್ರ್ಯಾಕ್ಟರ್ ಟ್ರಾಲಿ. ಬಿದ್ದವರನ್ನು ನಾಲ್ಕು ಜನ ಓಡಿಹೋಗಿ ಕೈಕಾಲು ಹಿಡಿದು ಎತ್ತುವುದು, ಕೂರಿಸಿ ನೀರು ಕುಡಿಸುವುದು, ಇದು ಪ್ರೀತಿಯಿಂದಲೇ ಆಗುತ್ತದೆ, ಆದರೆ ಮುರಿದ ಮಣಿ ಅಲುಗಾಡಿ ಹುರಿಯನ್ನು ಕೊಯ್ಯುವುದು ಆಗಲೇ. ಕತ್ತಿನ 3, 4, 5ನೇ ನರಗಳು ಉಸಿರಾಡಿಸುವ ವಪೆ ಎಂಬ ಸ್ನಾಯುವನ್ನು ನಡೆಸುತ್ತವೆ, ಅಲ್ಲಿ ಪೆಟ್ಟಾದರೆ ಉಸಿರೇ ನಿಲ್ಲಬಹುದು. ಎದೆಭಾಗದಲ್ಲಾದರೆ ಕೈ ಉಳಿದು ಕಾಲು ಹೋಗುತ್ತದೆ.

ಮೊದಲು 108ಕ್ಕೆ ಫೋನ್. ಬಿದ್ದವರನ್ನು ಇದ್ದ ಹಾಗೇ ಮಲಗಿರಲು ಬಿಡಿ. ಒಬ್ಬರು ತಲೆಯ ಬಳಿ ಮಂಡಿಯೂರಿ ತಲೆಯ ಎರಡೂ ಪಕ್ಕ ಕೈಯಿಟ್ಟು ಅಲುಗದಂತೆ ಹಿಡಿಯಲಿ, ಆಂಬುಲೆನ್ಸ್ ಬರುವ ತನಕ ಬಿಡಬಾರದು. ಬೆಂಕಿ, ನೀರು, ವಾಹನದ ಅಪಾಯ ಇದ್ದರೆ ಮಾತ್ರ ಸರಿಸಿ. ವಾಂತಿಯಾದರೆ ಅಥವಾ ಹಲಗೆಯ ಮೇಲೆ ಹಾಕಬೇಕಾದರೆ ಮೂರು ನಾಲ್ಕು ಜನ ಒಂದೇ ಪಕ್ಕದಲ್ಲಿ ಕೂತು, ತಲೆ ಹಿಡಿದವರು ಎಣಿಸಿದಾಗ, ತಲೆ, ಬೆನ್ನು, ಸೊಂಟ, ಕಾಲು ಎಲ್ಲವೂ ಒಂದೇ ಸಾಲಿನಲ್ಲಿ ಇರುವಂತೆ ಒಟ್ಟಿಗೆ ಪಕ್ಕಕ್ಕೆ ಉರುಳಿಸಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗುವ ಯೋಚನೆ ಬೇಡ. ಬಾಯಿಗೆ ಏನೂ ಹಾಕಬೇಡಿ, ಆಪರೇಷನ್ ಬೇಕಾಗಬಹುದು.

ಕಾಯುವಾಗ ಮಾಡಬಹುದಾದ ಒಂದು ಕೆಲಸವಿದೆ. ಬೆರಳು ಆಡಿಸಲು ಹೇಳಿ, ಕೈಯದು, ಕಾಲಿನದು. ಕಾಲಿನಿಂದ ಮೇಲಕ್ಕೆ ಹಗುರವಾಗಿ ಮುಟ್ಟುತ್ತಾ ಬಂದು ಎಲ್ಲಿಂದ ಗೊತ್ತಾಗಲು ಶುರುವಾಯಿತು ನೋಡಿ, ಹೊಕ್ಕುಳವೋ, ಎದೆಯೋ, ಪೆನ್ನಿದ್ದರೆ ಅಲ್ಲೊಂದು ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಪೆಟ್ಟು ಬಿದ್ದ ಹೊಸದರಲ್ಲಿ ಹುರಿ ಪೂರ್ತಿ ಸ್ತಬ್ಧವಾಗಿ ಕಾಲು ಜೋಲುಬಿದ್ದಿರಬಹುದು, ಕೆಲವು ದಿನ, ಕೆಲವು ವಾರ ಹಾಗಿದ್ದು ಆಮೇಲೆ ನಿಜವಾದ ನಷ್ಟ ಎಷ್ಟು ಎಂದು ತಿಳಿಯುತ್ತದೆ, ಹಾಗಾಗಿ ಅಲ್ಲೇ ನಿಂತು "ಇನ್ನ ಮುಗೀತು" ಎಂದು ಅವರ ಕಿವಿಗೆ ಬೀಳುವಂತೆ ಮಾತಾಡಬೇಡಿ. ಆಸ್ಪತ್ರೆಯಲ್ಲಿ ಹೇಳಬೇಕಾದ್ದು ಇಷ್ಟು: ಎಷ್ಟು ಗಂಟೆಗೆ, ಎಷ್ಟು ಎತ್ತರದಿಂದ ಬಿದ್ದರು, ಬಿದ್ದ ಕೂಡಲೇ ಕಾಲು ಆಡುತ್ತಿತ್ತೇ, ಮೂತ್ರ ಕೊನೆಯ ಸಲ ಯಾವಾಗ ಆಗಿತ್ತು, ಮತ್ತು ಆ ಪೆನ್ನಿನ ಗೆರೆ.